ಸೈನೈಡ್ ದಿಬ್ಬದ ಸನ್ನಿಧಾನಕ್ಕೊಂದು ಬಹಿರಂಗ ಅರಿಕೆ

ಕೋಲಾರ ಚಿನ್ನದ ಗಣಿಯ ಘನತೆವೆತ್ತ ಸೈನೈಡ್ ದಿಬ್ಬದವರಿಗೆ,

ಮೊದಲಿಗೆ ಅಭಿನಂದನೆ. ಸುಮಾರು 1,003 ಎಕರೆಯಲ್ಲಿ ಮೈಚಾಚಿರುವ ಚಿನ್ನ ತೆಗೆದುಳಿದ ಗಣಿತ್ಯಾಜ್ಯದ ತಮ್ಮ 13 ದಿಬ್ಬಗಳ ಕುಟುಂಬವನ್ನು ಮತ್ತೊಮ್ಮೆ ಜಾಲಾಡಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ತಮ್ಮ ಮೈಯಲ್ಲಿ ಟನ್ನಿಗೆ ಒಂದು ಗ್ರಾಂ ಚಿನ್ನವೂ ಇಲ್ಲ. ಆದರೂ ಎಂಥ ಮರ್ಯಾದೆ!

ರಾಗಿ ಹೊಲಗಳ ನಡುವೆ ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದು ಕೂತಿತು. ಬೆಂಗಳೂರಿನ ಬೀದಿಗಳು 1905ರಲ್ಲಿ ವಿದ್ಯುತ್ ದೀಪ ಕಂಡರೆ, ಶಿವನಸಮುದ್ರದ ಕರೆಂಟು 1902ರಲ್ಲೇ ಇಲ್ಲಿಗೆ ಬಂದಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಮೇಲೆ ತಂದದ್ದು 800 ಟನ್ನಿಗೂ ಹೆಚ್ಚು ಚಿನ್ನ. ಚಿನ್ನ ಹೊರಗೆ ಹೋಯಿತು, ತಾವು ಉಳಿದಿರಿ. ಕೆಲವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳೂ ಉಳಿಯಿತು. ಆ ಠೇವಣಿಗೆ ಯಾವ ಇಲಾಖೆಯೂ ಟೆಂಡರ್ ಕರೆದಿಲ್ಲ.

2001ರ ಫೆಬ್ರುವರಿ 28ರಂದು, ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ಜರ್ಮನಿಯ ಎಸ್ಸೆನ್‌ನಲ್ಲಿ 1986ರಲ್ಲಿ ಮುಚ್ಚಿದ್ದ ಜೋಲ್ಫರೈನ್ ಕಲ್ಲಿದ್ದಲು ಗಣಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ್ದೂ ಅದೇ 2001ರಲ್ಲಿ. ಅವರು ಗಣಿಯನ್ನು ನೋಡುವ ಜಾಗವಾಗಿಸಿದರು. ನಮ್ಮವರು ಏನಾಗಿಸಬೇಕೆಂದು ಇನ್ನೂ ನೋಡುತ್ತಿದ್ದಾರೆ.

ಆಲೋಚನೆಗಳಿಗೇನೂ ಬರವಿಲ್ಲ. ಒಮ್ಮೆ ಗಣಿ ಮಾರಲು ಜಾಗತಿಕ ಟೆಂಡರ್. ಅದರ ಮೇಲೆದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ತೀರುವಷ್ಟರಲ್ಲಿ 2013. ಇನ್ನೊಮ್ಮೆ ಕೈಗಾರಿಕಾ ಪಾರ್ಕ್. ಬೆಂಗಳೂರಿನ ಕಸವನ್ನು ಇಲ್ಲಿಗೆ ಸಾಗಿಸುವ ಮಾತೂ ಎದ್ದಿತ್ತು. 2012ರಲ್ಲಂತೂ ಕೂಡಂಕುಳಂ ಅಣುಸ್ಥಾವರದ ತ್ಯಾಜ್ಯ ಗಣಿಗೆ ಬರುತ್ತದೆಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಹಾಗೇನಿಲ್ಲ ಎಂದು ಕೇಂದ್ರ ಸಮಜಾಯಿಷಿ ಕೊಟ್ಟಿತು. ದೂರದಲ್ಲಿ ಕೂತವರಿಗೆ ಹಳೆಯ ಗಣಿಯೆಂದರೆ ಅಟ್ಟದ ಮೂಲೆ, ಬೇಡವಾದದ್ದನ್ನೆಲ್ಲ ಎಸೆಯಲು ಹೇಳಿ ಮಾಡಿಸಿದ ಜಾಗ. ಸಿನಿಮಾದವರು ಎಷ್ಟೋ ವಾಸಿ: ತಮ್ಮ ಮೇಲೆ ಸೆಟ್ ಹಾಕಿದರು, ಶೂಟಿಂಗ್ ಮುಗಿಸಿದರು, ಹೊರಟರು.

ಬೇರೆ ದಾರಿ ಇರಲಿಲ್ಲವೆಂದೇನಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕಂಪನಿ ಇದೇ ಊರಿನಲ್ಲಿ ಇಂದಿಗೂ ಭಾರಿ ಯಂತ್ರಗಳನ್ನು ಕಟ್ಟುತ್ತಿದೆ. ಗಣಿ ಮುಚ್ಚುವ ಮೊದಲೇ ಅಂಥ ಇನ್ನೆರಡು ಕಾರ್ಖಾನೆ ತಂದಿದ್ದರೆ, ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಸಾವಿರಾರು ಜನ ಬೆಂಗಳೂರಿನ ಕೂಲಿಗೆ ಜೋತುಬೀಳಬೇಕಿರಲಿಲ್ಲ. ದಿಬ್ಬ ಕೆದಕುವ ಗುತ್ತಿಗೆಯಲ್ಲಿ ಎಷ್ಟು ಕೆಲಸ ಊರಿನವರಿಗೆ, ಕೆದಕುವಾಗ ಏಳುವ ಧೂಳಿಗೆ ಯಾರು ಹೊಣೆ ಎಂದು ಮೊದಲು ಕೇಳಬೇಕಾದದ್ದು ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳವರನ್ನು. ಆದರೆ ಅವರು ಖನಿಜವಲ್ಲವಲ್ಲ, ಸಮೀಕ್ಷೆಗೆ ಸಿಗುವುದಿಲ್ಲ.

ಈ ಗಣಿಯ ಪಾತಾಳದಲ್ಲೇ 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದ್ದರು. ಇಡೀ ಭೂಮಿಯನ್ನೇ ತೂರಿಹೋಗುವ ಕಣ ಸಿಕ್ಕ ಊರಿನಲ್ಲಿ, ನಿವೃತ್ತ ಕಾರ್ಮಿಕನ ಮನೆಯ ಹಕ್ಕುಪತ್ರದ ಅರ್ಜಿ ಯಾವ ಮೇಜಿನ ಮೇಲಿದೆಯೆಂದು ಪತ್ತೆಯಾಗುವುದಿಲ್ಲ.

ಹಾಗಾಗಿ ಒಂದೇ ಅರಿಕೆ. ಮುಂದಿನ ಸಲ ತಮ್ಮ ಮಣ್ಣಿನ ಮಾದರಿ ಒಯ್ಯಲು ಅಧಿಕಾರಿಗಳು ಬಂದಾಗ, ಆ ಅರ್ಜಿಗಳನ್ನೂ ಅದೇ ಚೀಲದಲ್ಲಿ ತುಂಬಿ ಕಳಿಸಿಕೊಡಿ. ಪ್ರಯೋಗಾಲಯದವರಾದರೂ ಬಿಚ್ಚಿ ನೋಡುತ್ತಾರೆ.

ಇಂತಿ,
ಗಾಳಿ ಬೀಸಿದಾಗಲೆಲ್ಲ ಕಿಟಕಿ ಮುಚ್ಚುವವರ ಪರವಾಗಿ