ಯಲಬುರ್ಗಾ ಸೀಮೆಯ ಪಿಕಪ್‌ಗಳ ಧೂಮಮೀಮಾಂಸೆ

ಎರಂಬರಗೆಯ (ಇಂದಿನ ಯಲಬುರ್ಗಾದ) ಸಿಂದ ಅರಸರ ಬಗ್ಗೆಯೂ 1112ರಲ್ಲಿ ದಂಡನಾಯಕ ಮಹಾದೇವ ಇಟಗಿಯಲ್ಲಿ ಕಟ್ಟಿಸಿದ ಗುಡಿಯ ಬಗ್ಗೆಯೂ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಇದೇ ಸೀಮೆಯಲ್ಲಿ ಹಗಲೂ ರಾತ್ರಿ ಬೆಳಗುತ್ತಿದ್ದರೂ ಯಾವ ಶಾಸನ ಸಂಪುಟಕ್ಕೂ ಸೇರದ ಬರಹವೊಂದಿದೆ. ಹಳೆಯ ಪಿಕಪ್ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದಲ್ಲಿ ಹತ್ತುವ ಹಳದಿ ದೀಪವದು. ಪ್ರಸ್ತುತ ಪ್ರಬಂಧ ಈ ಕೊರತೆಯನ್ನು ನೀಗಿಸಲು ಹೊರಟಿದೆ.

ಮೊದಲು ಕಾಲನಿರ್ಣಯ. ಭಾರತ್ ಸ್ಟೇಜ್ (ಬಿಎಸ್) ಎಂಬ ಹೊಗೆ ನಿಯಮಗಳ ರಾಜವಂಶದ ನಾಲ್ಕನೆಯವನು 2017ರ ಏಪ್ರಿಲ್ 1ರಂದು ಇಡೀ ದೇಶದ ಪಟ್ಟವೇರಿದ. ಆರನೆಯವನು 2020ರ ಏಪ್ರಿಲ್ 1ಕ್ಕೆ ಬಂದ. ನಡುವೆ ಐದನೆಯವನು ಹುಟ್ಟಲೇ ಇಲ್ಲ. ವಂಶಾವಳಿಯಲ್ಲಿ ಇಂಥ ಲೋಪಗಳು ಇತಿಹಾಸಕಾರರಿಗೆ ಹೊಸವೇನಲ್ಲ. ನಮ್ಮ ಅಧ್ಯಯನದ ಗಾಡಿ ಈ ನಾಲ್ಕನೆಯವನ ಕಾಲದ್ದು, ಕೆಎ-37 ಪಾಟಿಯದು. ಉಳ್ಳಾಗಡ್ಡಿ, ಕಡಲೆ, ಮೆಕ್ಕೆಜೋಳ, ಮದುವೆಯ ಪೆಂಡಾಲು, ಜಾತ್ರೆಯ ಮಂದಿ, ಎಲ್ಲವನ್ನೂ ಹೊತ್ತದ್ದು.

ಇನ್ನು ಪಾಠ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳು ವಿದ್ವಾಂಸರ ಕಣ್ಣಿಗೆ ಬೀಳಲು 1931 ಬರಬೇಕಾಯಿತು. ಎಂಜಿನ್ ಲೈಟಿನ ಹಿಂದಿರುವ ಪಾಠಕ್ಕೆ ಅಷ್ಟು ಕಾಯಬೇಕಿಲ್ಲ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಐದಕ್ಷರದ ಶಾಸನ ಮೂಡುತ್ತದೆ: ಪಿ0401. ‘ಪಿ’ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಇಲಾಖೆ. ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಒಂದೇ ಆದ ಸಂಕೇತ. ನಾಲ್ಕು ಎಂದರೆ ಹೊಗೆ ನಿಯಂತ್ರಣದ ಸಾಮಾನು. ಒಟ್ಟು ತಾತ್ಪರ್ಯ: ಇಜಿಆರ್ ವಾಲ್ವಿನ ಮೂಲಕ ಬರಬೇಕಾದಷ್ಟು ಹೊಗೆ ಬರುತ್ತಿಲ್ಲ.

ಹೊಗೆ ಬರುತ್ತಿಲ್ಲವೆಂದು ಗಾಡಿಯೇ ದೂರುವುದು ಸಾಮಾನ್ಯ ಓದುಗನಿಗೆ ವಿಚಿತ್ರವೆನಿಸೀತು. ಇಲ್ಲಿ ವ್ಯಾಖ್ಯಾನ ಅಗತ್ಯ. ಡೀಸೆಲ್ ಎಂಜಿನ್ನಿನೊಳಗೆ ಉರಿ ವಿಪರೀತ ಏರಿದಾಗ ಗಾಳಿಯಲ್ಲಿ ಸುಮ್ಮನಿದ್ದ ಸಾರಜನಕ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತದೆ. ಉರಿ ತಗ್ಗಿಸಲು, ಉಗುಳಿದ ಹೊಗೆಯಲ್ಲೇ ಒಂದಷ್ಟನ್ನು ಎಂಜಿನ್ನಿಗೆ ಮತ್ತೆ ಕುಡಿಸುತ್ತಾರೆ. ಕುಡಿಸುವ ಬಾಗಿಲೇ ಇಜಿಆರ್. ಆ ಹೊಗೆಯ ಮಸಿ ಎಣ್ಣೆಯ ಆವಿಯೊಂದಿಗೆ ಕಲೆತು, ಹೋಳಿಗೆ ತವೆಯ ತಳದಂತೆ, ಬಾಗಿಲ ಸುತ್ತ ಗಟ್ಟಿಯಾಗಿ ಕೂರುತ್ತದೆ. ಊರಿಂದ ಹೊಲಕ್ಕೆ, ಹೊಲದಿಂದ ಎಪಿಎಂಸಿಗೆ ಸಣ್ಣ ಸಣ್ಣ ಓಡಾಟ, ಚೀಲ ಏರಿಸುವ ತನಕ ಚಾಲೂ ಇಟ್ಟ ಎಂಜಿನ್, ಎರೆಮಣ್ಣಿನ ಧೂಳು ಕುಡಿದು ಉಸಿರುಗಟ್ಟಿದ ಏರ್ ಫಿಲ್ಟರ್, ಇಷ್ಟೂ ಸೇರಿದರೆ ಬಾಗಿಲು ಮುಚ್ಚಲು ಬಹಳ ದಿನ ಬೇಕಿಲ್ಲ.

ಈ ರೋಗದ ಬಗ್ಗೆ ಗ್ಯಾರೇಜುಗಳಲ್ಲಿ ಮೂರ್ನಾಲ್ಕು ದರ್ಶನಗಳಿವೆ. ಅತಿ ಪ್ರಾಚೀನವಾದದ್ದು ಉಪೇಕ್ಷಾವಾದ. ಇದರ ಮೂಲಗ್ರಂಥ ಸಂವಾದರೂಪದಲ್ಲಿದೆ:

“ಲೈಟ್ ಹತ್ತೇತಲ್ರೀ ಮೇಸ್ತ್ರಿ.”

“ಹತ್ಲಿ ಬಿಡೋ ತಮ್ಮಾ. ಗಾಡಿ ನಿಂತೇತೇನು?”

ಎರಡನೆಯದು ಟರ್ಮಿನಲ್‌ವಾದ. ಬ್ಯಾಟರಿಯ ವಾಯರ್ ಬಿಚ್ಚಿ, ಒಂದು ಚಹಾ ಕುಡಿದು ಬಂದು ಮತ್ತೆ ಜೋಡಿಸಿದರೆ ಎಷ್ಟೋ ಗಾಡಿಗಳ ನೆನಪು ಅಳಿಸಿ ದೀಪ ಆರುತ್ತದೆ. ನೆನಪು ಹೋದರೂ ಮಸಿ ಹೋಗಿರುವುದಿಲ್ಲ, ಆದ್ದರಿಂದ ಕುಕನೂರು ದಾಟುವಷ್ಟರಲ್ಲಿ ದೀಪಕ್ಕೆ ಪುನರ್ಜನ್ಮ. ಬಲ್ಬನ್ನೇ ಕಿತ್ತುಹಾಕುವ ಶೂನ್ಯವಾದಿಗಳೂ ಇದ್ದಾರೆ. ಅವರ ಸಿದ್ಧಾಂತದ ದೋಷವೆಂದರೆ, ಚಾವಿ ತಿರುವಿದಾಗ ದೀಪ ಕ್ಷಣ ಹತ್ತಿ ಆರಲೇಬೇಕು. ಹತ್ತದೇ ಇದ್ದರೆ ಬಲ್ಲ ಇನ್‌ಸ್ಪೆಕ್ಟರು ಅಲ್ಲೇ ಹಿಡಿಯುತ್ತಾನೆ. ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದು ಎಲ್ಲ ಪಂಥಗಳಿಗೂ ಸಮಾನ ಆಚಾರವಾದ್ದರಿಂದ ಅದನ್ನು ಪ್ರತ್ಯೇಕ ದರ್ಶನವೆಂದು ಗಣಿಸಿಲ್ಲ.

ವಿದ್ವತ್ತಿನ ನಿಜವಾದ ಕಾಳಗ ಇರುವುದು ತಗಡುವಾದದಲ್ಲಿ. ಇಜಿಆರ್ ಪೈಪಿನ ನಡುವೆ ತಗಡು ಇಟ್ಟು ಬೋಲ್ಟು ಬಿಗಿದರೆ ಹೊಗೆಯ ದಾರಿ ಬಂದ್. ಮಸಿಯ ಕಾಟ ತಪ್ಪುತ್ತದೆ, ಗಾಡಿ ಏರಿನಲ್ಲಿ ಚಲೋ ಎಳೆಯುತ್ತದೆ ಎಂದು ಅನುಭವಿಗಳ ವಾಣಿ. ಆದರೆ ಕಂಪ್ಯೂಟರ್ ಪೆದ್ದಲ್ಲ. ವಾಲ್ವು ತೆರೆದೊಡನೆ ಒಳಬರುವ ಹೊಸ ಗಾಳಿ ಕಡಿಮೆಯಾಗಬೇಕೆಂದು ಅದು ಲೆಕ್ಕ ಇಟ್ಟಿರುತ್ತದೆ. ಕಡಿಮೆಯಾಗದಿದ್ದರೆ ಮತ್ತೆ ಅದೇ ಶಾಸನ, ಪಿ0401. ಹೀಗಾಗಿ ತಗಡುವಾದಿಗಳು ಇಬ್ಭಾಗವಾದರು. ಪೂರ್ತಿ ಮುಚ್ಚಬೇಕೆನ್ನುವವರು ಅಖಂಡವಾದಿಗಳು, ಕಂಪ್ಯೂಟರಿನ ಸಮಾಧಾನಕ್ಕೆ ನಡುವೆ ಸಣ್ಣ ತೂತು ಇರಲಿ ಎನ್ನುವವರು ಛಿದ್ರವಾದಿಗಳು. ತೂತಿನ ಗಾತ್ರದ ಬಗ್ಗೆ ಛಿದ್ರವಾದಿಗಳಲ್ಲೇ ಒಳಪಂಗಡಗಳಿದ್ದು, ಡ್ರಿಲ್ ಬಿಟ್ಟುಗಳನ್ನು ಎದುರಿಗಿಟ್ಟುಕೊಂಡು ಸಂಜೆಯವರೆಗೂ ವಾದಿಸುತ್ತಾರೆ.

ಇಲ್ಲಿಗೆ ಬಂದ ಓದುಗರು, ಸರಕಾರ ಇದನ್ನು ಹಿಡಿಯುವುದಿಲ್ಲವೇ ಎಂದು ಕೇಳಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದಂತೆ ನೋಂದಣಿಯಾಗಿ ವರ್ಷ ದಾಟಿದ ಇಂಥ ಪ್ರತಿ ಗಾಡಿಗೂ ಎಮಿಷನ್ ಸರ್ಟಿಫಿಕೇಟ್ ಬೇಕು. 2019ರ ತಿದ್ದುಪಡಿಯ ಮೇಲೆ ಕಾಯ್ದೆಯ ದಂಡ ಹತ್ತು ಸಾವಿರ ರೂಪಾಯಿಯವರೆಗೆ ಏರಬಹುದು. ಪರೀಕ್ಷೆ ಹೀಗೆ: ಗಾಡಿಯನ್ನು ನಿಂತಲ್ಲೇ ನಿಲ್ಲಿಸಿ, ಸೈಲೆನ್ಸರಿಗೆ ನಳಿಗೆ ತುರುಕಿ, ಎಕ್ಸಲೇಟರ್ ಒತ್ತಿ ಬಿಟ್ಟು, ಹೊಗೆಯೊಳಗೆ ಬೆಳಕು ಎಷ್ಟು ತಡೆಯಲ್ಪಟ್ಟಿತೆಂದು ಅಳೆಯುತ್ತಾರೆ. ಬಿಎಸ್-4 ಡೀಸೆಲ್ ಗಾಡಿಗೆ ಮಿತಿ 50 ಹಾರ್ಟ್ರಿಜ್ ಘಟಕ, ಅದಕ್ಕೂ ಹಳೆಯದಕ್ಕೆ 65. ಅಂದರೆ ಅಳೆಯುವುದು ಕಪ್ಪನ್ನು ಮಾತ್ರ. ನೈಟ್ರೋಜನ್ ಆಕ್ಸೈಡನ್ನು ಡೀಸೆಲ್ ಗಾಡಿಗಳ ಈ ಪರೀಕ್ಷೆಯಲ್ಲಿ ಯಾರೂ ಅಳೆಯುವುದಿಲ್ಲ.

ಪ್ರಬಂಧದ ಮುಖ್ಯ ಶೋಧನೆ ಇದೇ. ತಗಡು ಹಾಕಿದ ಗಾಡಿಯಲ್ಲಿ ಮಸಿ ಕಡಿಮೆಯಾಗುತ್ತದೆ, ಕಣ್ಣಿಗೆ ಕಾಣದ ಆಕ್ಸೈಡು ಹೆಚ್ಚುತ್ತದೆ. ಹೀಗಾಗಿ ಇಜಿಆರ್ ಇಟ್ಟುಕೊಂಡ ಪ್ರಾಮಾಣಿಕ ಗಾಡಿ ಎಮಿಷನ್ ಸೆಂಟರಿನಲ್ಲಿ ಕೆಮ್ಮುತ್ತ ನಿಂತಾಗ, ತಗಡಿನ ಗಾಡಿ ಹೂ ಎತ್ತಿದಂತೆ ಪಾಸಾಗಿ ಮುಂದಿನ ವರ್ಷದವರೆಗೆ ಸರ್ಟಿಫಿಕೇಟ್ ಪಡೆಯಬಲ್ಲದು. ಆ ಆಕ್ಸೈಡು ಬಿಸಿಲಿನಲ್ಲಿ ಬೆಂದು ಓಝೋನ್ ಹುಟ್ಟಲು ಕಾರಣವಾಗುತ್ತದೆ, ಬಿಸಿಲಿಗೆ ಯಲಬುರ್ಗಾದಲ್ಲಿ ಎಂದೂ ಬರವಿಲ್ಲ. ಗಿಣಿಗೇರಿಯ ಸುತ್ತಲಿನ ಕಾರ್ಖಾನೆ ಚಿಮಣಿಗಳಿಗೂ ಒಂದು ಎಂಜಿನ್ ಲೈಟ್ ಇರಬೇಕಿತ್ತೆಂದು ಚಾಲಕರು ಹೇಳುವುದುಂಟು. ಅದು ಪ್ರಬಂಧದ ವ್ಯಾಪ್ತಿಗೆ ಹೊರಗಿನದು, ಆದರೆ ಪ್ರಬಂಧಕಾರನ ಸಹಮತವಿದೆ.

ಆರನೆಯವನ ಕಾಲದ ದೊಡ್ಡ ಲಾರಿಗಳಿಗೆ ಇದೇ ಆಕ್ಸೈಡನ್ನು ಕೊಲ್ಲಲು ಶೇಕಡಾ 32.5ರ ಯೂರಿಯಾ ದ್ರಾವಣ ಕುಡಿಸುತ್ತಾರೆ. ಮಳೆಗಾಲದಲ್ಲಿ ಸೊಸೈಟಿ ಮುಂದೆ ಯೂರಿಯಾಕ್ಕೆ ಪಾಳಿ ಹಚ್ಚುವ ರೈತನಿಗೆ ಲಾರಿಯೂ ಅದನ್ನೇ ಕುಡಿಯುತ್ತದೆಂದರೆ ಸಂಕಟವಾಗದೇ ಇರದು. ಹೊಲದ ಯೂರಿಯಾ ಬಕೆಟ್ಟಿನಲ್ಲಿ ಕಲಕಿ ಹಾಕುವ ಯೋಚನೆ ಬಂದವರಿಗೆ ಒಂದೇ ಮಾತು: ಅದಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತಾರೆ, ಲಾರಿಯ ನಳಿಗೆಗಳು ಅದನ್ನು ತಾಳಲಾರವು.

ಕೊನೆಗೆ ಒಂದು ಪಾಷಂಡ ಮತವನ್ನು ದಾಖಲಿಸಬೇಕು. ವಾಲ್ವು ಬಿಚ್ಚಿ, ಮಸಿ ಕೆರೆದು, ಕ್ಲೀನರ್ ಸ್ಪ್ರೇ ಹೊಡೆದು ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಏರ್ ಫಿಲ್ಟರ್ ಬದಲಿಸಿ, ಸೀಳಿದ ವ್ಯಾಕ್ಯೂಮ್ ಪೈಪ್ ಇದ್ದರೆ ಅದನ್ನೂ ಬದಲಿಸಿ, ಸ್ಕ್ಯಾನರಿನಲ್ಲಿ ಕೋಡ್ ಅಳಿಸಬೇಕೆಂಬುದು ಇದರ ಉಪದೇಶ. ಇದಕ್ಕೆ ಅನುಯಾಯಿಗಳು ಕಡಿಮೆ. ಉಳ್ಳಾಗಡ್ಡಿ ಸುಗ್ಗಿಯಲ್ಲಿ ಗಾಡಿಯನ್ನು ಅರ್ಧ ದಿನ ನಿಲ್ಲಿಸುವವರಾರು? ಹಾಗೂ ಒಮ್ಮೆ ಒಬ್ಬ ಮೇಸ್ತ್ರಿ ಹಟ ಹಿಡಿದು ತೊಳೆದೇ ಬಿಟ್ಟ. ದೀಪ ಆರಿತು. ಬೇವೂರಿನ ತನಕ ಹೋಗಿ ಬಂದರೂ ಹತ್ತಲಿಲ್ಲ. ಮಾಲೀಕ ಡ್ಯಾಶ್‌ಬೋರ್ಡನ್ನು ಬೆರಳಿಂದ ಎರಡು ಸಲ ಕುಟ್ಟಿ ನೋಡಿ, ಮೇಸ್ತ್ರಿಯ ಕಡೆ ಅನುಮಾನದಿಂದ ತಿರುಗಿದ:

“ಬಲ್ಬ್ ಸುಟ್ಟೇತೇನ್ರೀ?”