ರಕ್ತದೊತ್ತಡದ ಮಹೋತ್ಸವ

ಮೇ 17ರ ವಿಶ್ವ ಅಧಿಕ ರಕ್ತದೊತ್ತಡ ದಿನದಂದು, ರಾಯಚೂರು ಸೀಮೆಯ ಒಂದು ಹಳ್ಳಿಯ ಬೇವಿನ ಮರದಡಿಯಲ್ಲಿ, ಹೊಲದ ಕೆಲಸ ಬಿಟ್ಟು ಬಂದ ಕೂಲಿಜನರ ಸಮ್ಮುಖದಲ್ಲಿ, ಹಾರಗಳ ಭಾರಕ್ಕೆ ಬಾಗಿದ್ದ ಕೊರಳನ್ನು ಪ್ರಯಾಸದಿಂದೆತ್ತಿ ಅಧಿಕಾರಿ ಮಹಾಶಯರು ಉಪನ್ಯಾಸಕ್ಕೆ ತೊಡಗಿದರು.

“ಮಹಾಜನಗಳೇ, ಈ ವ್ಯಾಧಿಯು ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರದೆ ಹೃದಯ, ಮಿದುಳು, ಮೂತ್ರಪಿಂಡಗಳನ್ನು ಕೆಡಿಸತಕ್ಕದ್ದು, ಮೇಲಿನ ಅಂಕೆ 140ನ್ನೋ ಕೆಳಗಿನದು 90ನ್ನೋ ಮುಟ್ಟಿದರೆ ಎಚ್ಚರಗೊಳ್ಳತಕ್ಕದ್ದು, ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆಯಿರಲಿ, ಪ್ರಾತಃಕಾಲದಲ್ಲಿ ವಾಯುವಿಹಾರ ನಡೆಯಲಿ.”

ಮುದುಕಿಯೊಬ್ಬಳು ಎದ್ದು ಕೇಳಿದಳು: “ಯಪ್ಪಾ, ನೀರಿಗಂತ ದಿನಾ ಹರದಾರಿ ನಡೀತೀವ್ರಿ. ಅದು ವಿಹಾರದಾಗ ಬರ್ತದೇನ್ರಿ?”

“ಇಲ್ಲ ತಾಯೀ, ವಿಹಾರಕ್ಕೆ ಚಿತ್ತೋಲ್ಲಾಸವು ಅವಶ್ಯಕ.”

“ಉಪ್ಪು-ಖಾರ ಬಿಟ್ರ ರೊಟ್ಟಿಗೆ ಏನ್ ಹಚ್ಕೊಂಡು ಉಣ್ಬೇಕ್ರಿ?”

“ಹಣ್ಣುಹಂಪಲು, ಧಾರಾಳವಾಗಿ.”

“ಗುಳಿಗಿ?”

“ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.”

“ಅಲ್ಲಿಗೆ ಹೋದ್ರ ಆ ದಿನದ ಕೂಲಿ ಹೋಗ್ತದ. ಹೋದ್ರೂ ಸ್ಟಾಕ್ ಇಲ್ಲ, ಮುಂದಿನ ವಾರ ಬಾ ಅಂತಾರ. ಹೋಗ್ಲಿ, ಈಗ ನನ್ನ ಬಿಪಿ ಎಷ್ಟೈತಿ ನೋಡ್ರಿ.”

ಮಹಾಶಯರು ವಿಷಣ್ಣವದನರಾದರು. “ಇಂದಿನದು ಅರಿವಿನ ಕಾರ್ಯಕ್ರಮ ಮಾತ್ರ, ಅಳೆಯುವುದು ಬೇರೆ ವಿಭಾಗದವರಿಗೆ ಸೇರಿದ್ದು.”

ಅನಂತರ ಖಾರಾಬೂಂದಿಯ ಪೊಟ್ಟಣಗಳು ಹಂಚಲ್ಪಟ್ಟವು. ಉಪ್ಪಿನ ವಿಷಯದಲ್ಲಿ ಇಲಾಖೆಯು ಜಿಪುಣತನವನ್ನು ತೋರಿರಲಿಲ್ಲವೆಂಬುದನ್ನು, ತಿಂದವನಾದ್ದರಿಂದ, ನಾನು ದೃಢವಾಗಿ ಹೇಳಬಲ್ಲೆ.

ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನಳೆಯುವುದಕ್ಕೆ ಕೆಲವೇ ನಿಮಿಷಗಳು ಸಾಕು. ವಯಸ್ಸು 30 ದಾಟಿದವರಿಗೆ ಸರಕಾರವೇ ವಿಧಿಸಿರುವ ಈ ತಪಾಸಣೆಯನ್ನು, ವಾಚಕರೇ, ನಿಮ್ಮೂರಿನ ಸಭೆಯಲ್ಲಿ ಹಾರ ಹಾಕುವುದಕ್ಕೆ ಮೊದಲೇ ಕೇಳಿರಿ.