ಮ್ಯಾನೇಜರ್ ಅಸ್ತಿತ್ವ ಮೀಮಾಂಸೆ

ಐದು ಜನರ ತಂತ್ರಾಂಶ ತಂಡಕ್ಕೆ ಮ್ಯಾನೇಜರ್ ಬೇಕೇ ಎಂಬ ಪ್ರಶ್ನೆಯನ್ನು ಈವರೆಗೆ ಎತ್ತಿದವರೆಲ್ಲ ಆ ಐದು ಜನರೇ. ಆದ್ದರಿಂದ ಅವರ ಸಾಕ್ಷ್ಯ ಪಕ್ಷಪಾತದ್ದೆಂದು ಆರಂಭದಲ್ಲೇ ತಳ್ಳಿಹಾಕಲಾಗಿದೆ. ಪ್ರಸ್ತುತ ಸಂಶೋಧಕನು ಬಾಗಲಕೋಟೆಯ ನವನಗರದಲ್ಲಿ ಅಂಥದೊಂದು ತಂಡದ ಮ್ಯಾನೇಜರನಾಗಿದ್ದು, ಈ ವಿಷಯದಲ್ಲಿ ಆತನಿಗೆ ಯಾವ ಸ್ವಹಿತಾಸಕ್ತಿಯೂ ಇಲ್ಲ. ಸಂಬಳ ಮಾತ್ರ ಇದೆ.

ಪ್ರಮಾಣಗಳನ್ನು ಬೆಂಗಳೂರಿನ ತರಬೇತಿ ಶಿಬಿರಗಳಿಂದ ಆಯ್ದಿಲ್ಲ. ಅಲ್ಲಿ ಗೋಡೆಗೆ ಬಣ್ಣದ ಚೀಟಿ ಅಂಟಿಸಲು ಕಲಿಸುತ್ತಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಚೀಟಿಯೂ ನಿಲ್ಲುವುದಿಲ್ಲ, ಗೋಡೆಯ ಸುಣ್ಣವೂ ನಿಲ್ಲುವುದಿಲ್ಲ. ಬಾದಾಮಿ, ಹುನಗುಂದ, ಇಳಕಲ್ಲಿನ ಸೀಮೆಯಲ್ಲಿ ಚಾಲುಕ್ಯರ ಕಾಲದಿಂದಲೂ ಕಲ್ಲಿನಲ್ಲೋ ನೂಲಿನಲ್ಲೋ ಸಣ್ಣ ತಂಡಗಳು ದೊಡ್ಡ ಕೆಲಸ ಮಾಡಿವೆ. ಅಲ್ಲಿ ಒಬ್ಬ ಮ್ಯಾನೇಜರ್ ಇದ್ದೇ ಇರಬೇಕೆಂಬುದು ನಮ್ಮ ಪ್ರತಿಜ್ಞೆ. ಹುಡುಕುವುದಷ್ಟೇ ಬಾಕಿ.

ಮೊದಲು ಶಿಲಾಪ್ರಮಾಣ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. ಅದರ ಸೂತ್ರಧಾರಿ ಗುಂಡನಿಗೆ ಶಾಸನದಲ್ಲಿ ಅನಿವಾರಿತಾಚಾರಿ, ತ್ರಿಭುವನಾಚಾರಿ ಎಂಬ ಬಿರುದುಗಳಿವೆ. ಸಂಬಳ ಏರಿಸಲಾಗದ ವರ್ಷ ಹೆಸರಿನ ಹಿಂದೆ 'ಸೀನಿಯರ್' ಎಂದು ಸೇರಿಸುವ ನಮ್ಮ ಪದ್ಧತಿಗೆ ಇಷ್ಟು ಪ್ರಾಚೀನ ಮೂಲವಿರುವುದು ಕಂಡು ಸಂಶೋಧಕನಿಗೆ ರೋಮಾಂಚನವಾಯಿತು. ದುರದೃಷ್ಟವಶಾತ್ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಈ ನಾಡಿನ ಕುಶಲಕರ್ಮಿಗಳ ಮೇಲಿದ್ದ ಬಹಿಷ್ಕಾರವನ್ನು ಬಿಡಿಸಿದ್ದಕ್ಕಾಗಿ ಗುಂಡನಿಗೆ ಪಟ್ಟ ಕಟ್ಟಿದರೆಂದು ವಿದ್ವಾಂಸರು ಓದಿದ್ದಾರೆ. ಅಂದರೆ ಆತ ತನ್ನವರ ಪರವಾಗಿ ಮೇಲಿನವರ ಮುಂದೆ ನಿಂತು ಮಾತಾಡಿದ್ದಾನೆ. ಇದು ಮ್ಯಾನೇಜರನ ಲಕ್ಷಣವಲ್ಲವಾದ್ದರಿಂದ ಗುಂಡನನ್ನು ಸಾಕ್ಷಿಪಟ್ಟಿಯಿಂದ ಕೈಬಿಡಲಾಗಿದೆ.

ಅದೇ ಗುಡಿಯ ಶಿಲ್ಪಗಳ ಬಳಿ ಬಲದೇವ, ಚೆಂಗಮ್ಮ, ಪುಲ್ಲಪ್ಪ ಎಂದು ಕೆತ್ತಿದವರ ಹೆಸರುಗಳೂ ಉಳಿದಿವೆ. ಯಾವ ಸಾಲು ಯಾರು ಬರೆದದ್ದೆಂದು ನಮ್ಮ ಗಿಟ್ ಕೂಡ ದಾಖಲಿಸುತ್ತದೆ. ಆದರೆ ನಾವು ಆ ದಾಖಲೆ ತೆರೆಯುವುದು ಏನಾದರೂ ಕೆಟ್ಟು ನಿಂತಾಗ, ರಾತ್ರಿ ಹನ್ನೊಂದಕ್ಕೆ, ಕೊರಳಪಟ್ಟಿ ಹುಡುಕುವುದಕ್ಕೆ. 'ಮೇಲ್ವಿಚಾರಣೆ: ಇಂಥವರು' ಎಂಬ ಸಾಲು ಪಟ್ಟದಕಲ್ಲಿನಲ್ಲಿ ಸಂಶೋಧಕನಿಗೆ ಎಲ್ಲೂ ಸಿಗಲಿಲ್ಲ. ಸವೆದುಹೋಗಿರಬೇಕು.

ಹುನಗುಂದ ತಾಲ್ಲೂಕಿನ ಐಹೊಳೆ ನಿರಾಶೆ ಮಾಡುವುದಿಲ್ಲ. ಮೇಗುಟಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಕೆತ್ತಿಸಿದ ಪ್ರಶಸ್ತಿ ಜಗತ್ತಿನ ಅತ್ಯುತ್ತಮ ಸ್ವಯಂ ಮೌಲ್ಯಮಾಪನ ಪತ್ರಗಳಲ್ಲೊಂದು. ಮೂವತ್ತಕ್ಕೂ ಹೆಚ್ಚು ಶ್ಲೋಕಗಳ ಉದ್ದಕ್ಕೂ ಪುಲಿಕೇಶಿ ಹರ್ಷನನ್ನು ಸೋಲಿಸಿದ್ದೂ ಸೇರಿದಂತೆ ಯಜಮಾನನ ವಂಶದ ಸಾಧನೆಗಳು. ಕೊನೆಗೆ ಬರೆದಾತನ ಕೀರ್ತಿ ಕಾಳಿದಾಸ, ಭಾರವಿಗಳಿಗೆ ಸಮ ಎಂಬ ಒಂದು ವಿನಯದ ಮಾತು. ಮಾರ್ಚ್ ತಿಂಗಳಲ್ಲಿ ನಮ್ಮ ಹುಡುಗರು 'ಕೆಲಸ ಮಾಡಿದೆ' ಎಂದು ಎರಡೇ ಪದ ತುಂಬಿಕೊಡುವಾಗ ಸಂಶೋಧಕನು ಈ ಶಾಸನವನ್ನು ಮಾದರಿಯಾಗಿ ಹಂಚಿದ್ದುಂಟು. ಹುನಗುಂದದ ಹುಡುಗನೊಬ್ಬ, "ಸರ್, ಆ ಗುಡಿ ಪೂರ್ತಿ ಆಗಿಲ್ರಿ, ಬರೇ ಡಾಕ್ಯುಮೆಂಟೇಶನ್ ಆಗೇತಿ" ಎಂದ. ಮೇಗುಟಿ ಅಪೂರ್ಣ ಕಟ್ಟಡವೆಂಬುದು ನಿಜ. ಆದರೆ ಇಂದಿಗೂ ವಿದ್ವಾಂಸರು ಬೆಟ್ಟ ಹತ್ತುವುದು ಡಾಕ್ಯುಮೆಂಟೇಶನ್ ನೋಡಲು.

ಈಗ ತಂತುಪ್ರಮಾಣ. ನಮ್ಮ ತಂಡದ ಒಬ್ಬಳ ಮನೆ ಇಳಕಲ್ಲಿನಲ್ಲಿ, ಮನೆಯಲ್ಲಿ ಕುಣಿಮಗ್ಗ. ಇಳಕಲ್ ಸೀರೆಗೆ ಒಡಲಿನ ಹಾಸು ಬೇರೆ, ದಡಿಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಾಂಪ್ರದಾಯಿಕವಾಗಿ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಜೋಡಿಸುವುದೇ ಕೊಂಡಿ. ಇದನ್ನು ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು; ಹತ್ತು ಸೀರೆಗಾಗುವಷ್ಟು ಹಾಸನ್ನು ಒಮ್ಮೆಗೇ ಏರಿಸಿ ಕೈತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಒಬ್ಬ ಮೂರು ತಿಂಗಳು ಒಡಲು ನೇಯುತ್ತಾನೆ, ಇನ್ನೊಬ್ಬಳು ಮೂರು ತಿಂಗಳು ಸೆರಗು ನೇಯುತ್ತಾಳೆ, ಕೊನೆಯ ವಾರ ಕೂತು ಎಳೆ ಎಣಿಸುತ್ತಾರೆ. ಎಣಿಕೆ ತಾಳೆಯಾಗುವುದಿಲ್ಲ. ಆಗ ಗ್ರಾಹಕರು ಫೋನು ಮಾಡಿ, ಗೋಮಿ ದಡಿ ಹೇಳಿದ್ದೆವು, ಜೊತೆಗೆ ಗಾಡಿ ದಡಿಯೂ ಇರಲಿ, ಚಿಕ್ಕಿಯೂ ಇರಲಿ, ಗಡುವು ಅದೇ ಎನ್ನುತ್ತಾರೆ.

ಸಂಶೋಧಕನು ಮಗ್ಗದ ಪಕ್ಕ ನಿಂತು, ಕೊಂಡಿ ಹಾಕುತ್ತಿದ್ದ ಆಕೆಯ ತಾಯಿಯನ್ನು, ಎಷ್ಟು ಪರ್ಸೆಂಟ್ ಆಯಿತೆಂದು ಕೇಳಿದನು. ಎರಡನೆಯ ಸಲ ಕೇಳಿದಾಗ ಉತ್ತರ ಬಂತು: "ಕೊಂಡಿ ಹಾಕೂ ಮುಂದ ಮಾತಾಡ್ಸಬ್ಯಾಡ್ರಿ. ಒಂದ್ ಎಳಿ ತಪ್ಪಿದ್ರ ಮತ್ತ ಮೊದಲಿಂದ ಹಿಡೀಬೇಕು." ತಂಡದವಳು ತಲೆ ತಗ್ಗಿಸಿ ನಕ್ಕಳು. ಮೀಟಿಂಗನ್ನು ಬೇರೆ ಹೊತ್ತಿಗೆ ಹಾಕಿಕೊಳ್ಳಿ ಎಂಬ ಸೂಚನೆಯೆಂದು ಇದನ್ನು ಅರ್ಥೈಸಲಾಗಿದೆ. ಕೆಲಸ ಬೇಗ ಆಗಲೆಂದು ಕುಣಿಯೊಳಗೆ ಇನ್ನೊಬ್ಬರನ್ನು ಇಳಿಸಬಹುದಲ್ಲ ಎಂದು ಸಂಶೋಧಕನು ಸೂಚಿಸಿದ್ದಕ್ಕೆ ಉತ್ತರ ಬರಲಿಲ್ಲ. ಆದರೆ ಕುಣಿಯ ಅಳತೆ ನೋಡಿದರೆ ಉತ್ತರದ ಅಗತ್ಯವೂ ಇರಲಿಲ್ಲ.

ತಡವಾದ ತಂತ್ರಾಂಶ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ ಅಮೆರಿಕದಲ್ಲಿ ಬರೆದದ್ದು 1975ರಲ್ಲಿ. ಅಳತೆಯನ್ನೇ ಗುರಿ ಮಾಡಿಕೊಂಡರೆ ಅಳತೆ ಕೆಡುತ್ತದೆ ಎಂಬರ್ಥದ ಮಾತನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಆಸ್ಟ್ರೇಲಿಯಾದಲ್ಲಿ ಹೇಳಿದ್ದೂ ಅದೇ 1975ರಲ್ಲಿ. ಮ್ಯಾನೇಜರ್ ಕುಲಕ್ಕೆ ಇಷ್ಟು ಅಶುಭವಾದ ವರ್ಷ ಇನ್ನೊಂದಿಲ್ಲ. ಆ ವರ್ಷದ ಜೂನಿನಲ್ಲಿ ತುರ್ತು ಪರಿಸ್ಥಿತಿ ಹೇರಿದ ದಿಲ್ಲಿಯಲ್ಲಿ ಮಾತ್ರ ನಿರ್ವಹಣೆ ಬಹಳ ಬಿಗಿಯಾಯಿತು, ರೈಲುಗಳು ಸಮಯಕ್ಕೆ ಸರಿಯಾಗಿ ಓಡಿದವೆಂದು ಈಗಲೂ ಹೇಳುವವರಿದ್ದಾರೆ.

ಗುಡ್‌ಹಾರ್ಟನ ಮಾತನ್ನು ಪರೀಕ್ಷಿಸಲು ಅಮೀನಗಡದ ಕರದಂಟನ್ನು ಬಳಸಲಾಯಿತು. ಬೆಲ್ಲ, ಕರಿದ ಅಂಟು, ಒಣಹಣ್ಣು ಕೂಡಿದ ಈ ಪದಾರ್ಥಕ್ಕಿಂತ ಬಲವಾದ ಪ್ರೇರಣೆ ಕೃಷ್ಣಾ-ಮಲಪ್ರಭೆಯರ ನಡುವೆ ಇಲ್ಲ. ಒಂದು ಟಿಕೆಟ್ ಮುಗಿಸಿದರೆ ಒಂದು ತುಂಡು ಎಂದು ಸಾರಲಾಯಿತು. ಮೊದಲ ವಾರ ಎಂದಿನಂತೆ ಕೆಲಸ ನಡೆಯಿತು. ಎರಡನೆಯ ವಾರ 'ಗುಂಡಿಯ ಬಣ್ಣ ಬದಲಿಸು' ಎಂಬ ಒಂದು ಟಿಕೆಟ್ ಒಡೆದು 'ಗುಂಡಿ ಎಲ್ಲಿದೆ ಹುಡುಕು', 'ಬಣ್ಣ ಯಾವುದೆಂದು ಕೇಳು', 'ಬದಲಿಸು', 'ಬದಲಾಗಿದೆಯೇ ನೋಡು', 'ನೋಡಿದ್ದೇನೆಂದು ತಿಳಿಸು' ಎಂದು ಐದಾಯಿತು. ಉತ್ಪಾದಕತೆಯ ಗೆರೆ ನೆಟ್ಟಗೆ ಮೇಲಕ್ಕೆ ಹೋಯಿತು. ಸಂಶೋಧಕನು ಅದರ ಚಿತ್ರವನ್ನು ಮಾಲೀಕರಿಗೆ ಕಳಿಸಿದನು. ಡಬ್ಬಿ ಬರಿದಾದ ದಿನ ಎಲ್ಲ ಟಿಕೆಟ್‌ಗಳೂ ಮುಗಿದಿದ್ದವು. ಗುಂಡಿಯ ಬಣ್ಣ ಮೊದಲಿನದೇ ಇತ್ತು.

ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸಲು ಎಷ್ಟು ದಿನ ಬೇಕೆಂಬ ಪ್ರಶ್ನೆಗೆ ಇಲ್ಲಿ ವಿಸ್ತಾರ ಬೇಡ. ಆಲಮಟ್ಟಿಯ ಹಿನ್ನೀರಿಗಾಗಿ ಊರನ್ನೇ ಸೆಕ್ಟರ್ ನಂಬರುಗಳಿಗೆ ಸ್ಥಳಾಂತರಿಸಿಕೊಂಡ ಬಾಗಲಕೋಟೆಯವರ ಮುಂದೆ 'ಎರಡು ವಾರ' ಎಂದರೆ ನಗುತ್ತಾರೆ. ಹಳೇ ಊರಿನ ಪೇಟೆಯಲ್ಲಿ ಇನ್ನೂ ವ್ಯಾಪಾರ ನಡೆದಿದೆ.

ಮ್ಯಾನೇಜರನ ಅಸ್ತಿತ್ವಕ್ಕೆ ಗಟ್ಟಿ ಪ್ರಮಾಣ ಒಂದೇ ಒಂದು ಸಿಕ್ಕಿತು, ಅದೂ ಬಾದಾಮಿಯಲ್ಲಿ. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿರುವ ಬಂಡೆಯ ಆಸುಪಾಸಿನಲ್ಲೇ ಬೆಳೆದ ಹುಡುಗನೊಬ್ಬ ನಮ್ಮಲ್ಲಿದ್ದಾನೆ. ಒಳ್ಳೆಯವರೊಡನೆ ಅರಭಟ್ಟನಷ್ಟೇ ಒಳ್ಳೆಯವನು. ಕಾಡುವ ಗ್ರಾಹಕರಿಗೆ ಆತ ಬರೆಯುವ ಇಮೇಲುಗಳಲ್ಲಿ, ಬಾಧಿಸಿದವರಿಗೆ 'ಕಲಿಯುಗ ವಿಪರೀತ'ನೆನ್ನುವ ಆ ಶಾಸನದ ತ್ರಿಪದಿಯ ಉತ್ತರಾರ್ಧ ಪೂರ್ತಿ ಅವತರಿಸುತ್ತದೆ. ಅವು ಕಳಿಸುವ ಮೊದಲು ಸಂಶೋಧಕನ ಕೈಸೇರುವಂತೆ ಏರ್ಪಾಡಾಗಿದೆ. ಅಲ್ಲಿಂದ ಅವು ಮುಂದೆ ಹೋಗುವುದಿಲ್ಲ. ಕಂಪನಿ ಇನ್ನೂ ನಡೆಯುತ್ತಿದೆ.

ಕೊನೆಯ ಪ್ರಯೋಗ ಆಗಸ್ಟ್ 1ರದು. ಚಿತ್ತರಗಿ-ಇಳಕಲ್ ಮಠದ ಮಹಾಂತ ಸ್ವಾಮಿಗಳು ಮನೆಮನೆಗೆ ಜೋಳಿಗೆ ಹಿಡಿದು ಹೋಗಿ, ಕಾಳು-ಕಾಸಿನ ಬದಲು ಜನರ ದುಶ್ಚಟಗಳನ್ನು ಭಿಕ್ಷೆ ಕೇಳಿದವರು. ಅವರ ಜನ್ಮದಿನವನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅದೇ ಸ್ಫೂರ್ತಿಯಿಂದ ಆಫೀಸಿನ ಬಾಗಿಲಿಗೆ ಬಟ್ಟೆಯ ಜೋಳಿಗೆಯೊಂದನ್ನು ತೂಗುಹಾಕಿ, ಕೆಲಸ ಕೆಡಿಸುವ ಒಂದೊಂದು ಚಟವನ್ನು ಹೆಸರಿಲ್ಲದೆ ಬರೆದು ಹಾಕಲು ಹೇಳಲಾಯಿತು. ಗುಟಕಾ, ಮೊಬೈಲು, ಕ್ರಿಕೆಟ್ ಸ್ಕೋರು ನಿರೀಕ್ಷಿತವಾಗಿದ್ದವು. ಸಂಜೆ ತೆಗೆದು ನೋಡಿದಾಗ ಐದು ಬೇರೆ ಬೇರೆ ಕೈಬರಹಗಳಲ್ಲಿ 'ಮುಂಜಾನೆ ಹತ್ತರ ಮೀಟಿಂಗು' ಎಂದಿತ್ತು. ಆರನೆಯ ಚೀಟಿಯೂ ಒಂದಿತ್ತು. ವಿಚಾರಣೆಯಿಂದ ಅದು ಚಹಾದವನದೆಂದು ತಿಳಿಯಿತು. ಮೀಟಿಂಗು ಮುಗಿಯುವುದರೊಳಗೆ ಚಹಾ ಆರುತ್ತದೆ, ಆರಿದ್ದಕ್ಕೆ ರೊಕ್ಕ ಕೊಡುವುದಿಲ್ಲ ಎಂಬುದು ಆತನ ತಕರಾರು.

ಈ ಆರೂ ಚೀಟಿಗಳ ತಾತ್ಪರ್ಯ ನಿರ್ಣಯಕ್ಕಾಗಿ ನಾಳೆ ಮುಂಜಾನೆ ಹತ್ತಕ್ಕೆ ಎಲ್ಲರೂ ತಪ್ಪದೆ ಸೇರತಕ್ಕದ್ದು. ಚಹಾದವನಿಗೂ ಕರೆ ಹೋಗಿದೆ.